ಹೊಳೆಯಾಚೆಯ ಸಂತೆ

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸಂಗಮಿಸಿ ಒಂದೇ ಹೆಸರನ್ನು ತಾಳಿ ಉತ್ತರಾಭಿಮುಖವಾಗಿ ಹರಿಯತೊಡಗಿದ ಮೇಲೆ, ಆ ನದಿಯ ದಡದಲ್ಲಿ ಸಿಕ್ಕುವ ಹೊನ್ನಾಳಿ ಸೀಮೆಯ ಗ್ರಾಮಗಳಲ್ಲಿ ಗೋವಿನಕೋವಿಯೂ ಒಂದು. ಶಿವಮೊಗ್ಗೆಯ ಜಿಲ್ಲೆಗೆ ಸೇರಿದ್ದ ಈ ಸೀಮೆಯು 1997ರಿಂದ ದಾವಣಗೆರೆಯ ಜಿಲ್ಲೆಗೆ ಸೇರಿರುವುದು. ಇಲ್ಲಿಂದ ನದಿಯು ಹೊನ್ನಾಳಿ ಪಟ್ಟಣವನ್ನೂ ಹರಿಹರ ಕ್ಷೇತ್ರವನ್ನೂ ಮುಟ್ಟಿ, ಹಂಪೆ ಆನೆಗೊಂದಿಗಳ ನಡುವೆ ಬಂಡೆಗಳನ್ನು ಬಳಸಿಕೊಂಡು ಹೋಗಿ, ಕಡೆಗೆ ಕೃಷ್ಣೆಯನ್ನು ಸೇರುತ್ತದೆ. 1947ಕ್ಕೆ ಮುಂಚೆ ಇಷ್ಟೇ ದಾರಿಯಲ್ಲಿ ಈ ನದಿಯು ನಾಲ್ಕು ಸರಕಾರಗಳ ನೆಲವನ್ನು ತೊಳೆಯುತ್ತಿದ್ದಿತು: ಮೈಸೂರು ಸಂಸ್ಥಾನ, ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆ, ಮದರಾಸು ಇಲಾಖೆಯ ಬಳ್ಳಾರಿ ಜಿಲ್ಲೆ, ನಿಜಾಮರ ರಾಯಚೂರು ಜಿಲ್ಲೆ. ಜನರ ಬಾಯಲ್ಲಿ ಇವು ಮೈಸೂರು ಸೀಮೆ, ಕುಂಪಣಿ ಸೀಮೆ, ಮೊಗಲಾಯಿ ಎಂದು ಕರೆಯಲ್ಪಡುತ್ತಿದ್ದವು. ನಾಲ್ಕರಲ್ಲಿಯೂ ನದಿಯ ಮಗ್ಗುಲಿನ ಜನರ ಮಾತು ಬಹುಮಟ್ಟಿಗೆ ಕನ್ನಡವೇ. ಆದರೆ ಸುಂಕ ಬೇರೆ, ಅಳತೆ ಬೇರೆ, ಕೆಲವು ಕಡೆ ನಾಣ್ಯವೂ ಬೇರೆ.

ಇಂದಿನ ಗೃಹಸ್ಥನು ರಾಣೆಬೆನ್ನೂರಿಗೆ ಹೋಗಿ ಜವಳಿ ಕೊಂಡು ಸಂಜೆಗೆ ಹಿಂದಿರುಗಿದರೆ, ಜಿಲ್ಲೆಯ ಗಡಿಯನ್ನು ದಾಟಿ ಬಂದೆನೆಂಬ ಭಾವನೆಯೂ ಅವನಿಗೆ ಉಂಟಾಗುವುದಿಲ್ಲ. ಅವನ ತಾತನ ಕಾಲಕ್ಕೆ ಅದೇ ಪ್ರಯಾಣವು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಗಿಬಂದಂತೆ. ರಾಜರ ಯುದ್ಧಗಳನ್ನೂ ಸಂಧಿಗಳನ್ನೂ ಇತಿಹಾಸಗ್ರಂಥಗಳು ವಿಸ್ತರಿಸಿ ಹೇಳುತ್ತವೆ. ಆದರೆ ಆ ಸಂಧಿಗಳಿಂದ ಹುಟ್ಟಿದ ಗೆರೆಯನ್ನು ಮದುವೆಯ ಸೀರೆಗಾಗಿ, ಮೆಣಸಿನಕಾಯಿಗಾಗಿ, ಉಪ್ಪಿಗಾಗಿ ದಾಟುತ್ತಿದ್ದ ಜನರ ಇತಿಹಾಸವು ಅಷ್ಟಾಗಿ ಬರೆಯಲ್ಪಟ್ಟಿಲ್ಲ. ಒಂದು ಸರಕಾರವು ತನ್ನ ಪ್ರಜೆಗಳನ್ನು ಹೇಗೆ ಕಾಣುತ್ತಿತ್ತೆಂಬುದನ್ನು ಅದರ ಸಿಂಹಾಸನಕ್ಕಿಂತಲೂ ಅದರ ಸುಂಕದ ಕಟ್ಟೆಯು ಚೆನ್ನಾಗಿ ತಿಳಿಸುತ್ತದೆ. ಆದುದರಿಂದ ಈ ವಿಷಯವು ಅಲ್ಪವಾದುದೆಂದು ತಿಳಿಯತಕ್ಕದ್ದಲ್ಲ.

ಸುಂಕದ ವಿಚಾರದಲ್ಲಿ ಪ್ರಾಚೀನರು ಏನು ಹೇಳಿದ್ದಾರೆಂಬುದನ್ನು ಮೊದಲು ನೋಡಬಹುದು. ಕೌಟಿಲ್ಯನ ಅರ್ಥಶಾಸ್ತ್ರವು ಲೋಕಕ್ಕೆ ಮರಳಿ ದೊರೆತುದು ಮೈಸೂರಿನಿಂದಲೇ. ಅಲ್ಲಿಯ ಪ್ರಾಚ್ಯಕೋಶಾಗಾರದಲ್ಲಿದ್ದ ಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಶುಲ್ಕಾಧ್ಯಕ್ಷನಿಗೆ ಪ್ರತ್ಯೇಕವಾದ ಪ್ರಕರಣವೇ ಉಂಟು. ಪಟ್ಟಣದ ಹೆಬ್ಬಾಗಿಲಿನ ಬಳಿ ಶುಲ್ಕಶಾಲೆಯನ್ನೂ ಧ್ವಜವನ್ನೂ ಸ್ಥಾಪಿಸಬೇಕು. ವರ್ತಕನು ಯಾರು, ಎಲ್ಲಿಂದ ಬಂದನು, ಸರಕು ಎಷ್ಟು ಎಂಬುದನ್ನು ಬರೆದಿಡಬೇಕು. ಬಟ್ಟೆ, ನೂಲು, ಹತ್ತಿ ಮೊದಲಾದವುಗಳಿಗೆ ಬೆಲೆಯ ಇಪ್ಪತ್ತರಲ್ಲೊಂದು ಅಥವಾ ಇಪ್ಪತ್ತೈದರಲ್ಲೊಂದು ಪಾಲನ್ನು ತೆಗೆದುಕೊಳ್ಳಬೇಕು ಎಂದು ಅವನು ವಿಧಿಸುತ್ತಾನೆ. ಇಷ್ಟು ಕಟ್ಟುನಿಟ್ಟಾದ ಆಚಾರ್ಯನೇ ಒಂದು ಮಾತನ್ನು ಸೇರಿಸಿರುವುದು ಗಮನಾರ್ಹವಾಗಿದೆ. ಮದುವೆಗೆ ಕೊಂಡುಹೋಗುವ ಸಾಮಾನು, ವಧುವಿನ ಸಂಗಡ ಹೋಗುವ ಸಾಮಾನು, ಉಡುಗೊರೆ, ಯಜ್ಞ, ಪ್ರಸವ, ದೇವತಾಪೂಜೆ, ಚೌಲ, ಉಪನಯನ ಇವುಗಳಿಗಾಗಿ ಸಾಗುವ ಪದಾರ್ಥಗಳು ಸುಂಕವಿಲ್ಲದೆ ಹೋಗತಕ್ಕವು. ಈ ನೆಪವನ್ನು ಸುಳ್ಳಾಗಿ ಹೇಳಿದವನಿಗೆ ಮಾತ್ರ ಕಳ್ಳನಿಗೆ ಸಲ್ಲುವ ದಂಡ.

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ದೋಣಿಯ ಕೂಲಿಯ ಪ್ರಸ್ತಾಪವೂ ಇದೆ. ಬಂಡಿಗೆ ಒಂದು ಪಣ, ಹೊರೆ ಹೊತ್ತ ಮನುಷ್ಯನಿಗೆ ಅರ್ಧ ಪಣ, ಪಶುವಿಗೂ ಸ್ತ್ರೀಗೂ ಕಾಲು ಪಣ, ಬರಿಗೈಯಲ್ಲಿ ಬಂದವನಿಗೆ ಅದರಲ್ಲಿ ಅರ್ಧ. ಎರಡು ತಿಂಗಳು ತುಂಬಿದ ಗರ್ಭಿಣಿಯಿಂದಲೂ ಸಂನ್ಯಾಸಿಗಳು ಮೊದಲಾದವರಿಂದಲೂ ಏನನ್ನೂ ತೆಗೆದುಕೊಳ್ಳಕೂಡದು. ಈ ವಿಧಿಗಳೆಲ್ಲ ಎಲ್ಲ ಕಾಲದಲ್ಲಿಯೂ ಆಚರಣೆಯಲ್ಲಿದ್ದವೆಂದು ಹೇಳಬೇಕಾಗಿಲ್ಲ. ಆದರೆ ಮನೆಯ ಖರ್ಚಿಗಾಗಿ ಕೊಂಡ ವಸ್ತುವು ಬೇರೆ, ಲಾಭಕ್ಕಾಗಿ ಸಾಗಿಸುವ ಸರಕು ಬೇರೆ ಎಂಬ ವಿವೇಕವು ಶಾಸ್ತ್ರಕಾರರಿಗೆ ಇದ್ದಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮುಂದಿನ ಇತಿಹಾಸವನ್ನು ಅಳೆಯುವುದಕ್ಕೆ ಈ ವಿವೇಕವೇ ಅಳತೆಗೋಲಾಗಬಹುದು.

ಕನ್ನಡನಾಡಿನ ಶಿಲಾಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಪನ್ನಾಯ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಮೇಲಿಂದ ಮೇಲೆ ಬರುತ್ತವೆ. ಅಯ್ಯಾವೊಳೆಯ ಐನೂರ್ವರು ಮೊದಲಾದ ವರ್ತಕಸಂಘಗಳವರು ನಾನಾದೇಶಿಗಳೆಂದು ಹೆಸರಾಗಿ, ದೇಶದಿಂದ ದೇಶಕ್ಕೆ ಎತ್ತು ಕೋಣಗಳ ಮೇಲೆ ಹೇರು ಹೇರಿಕೊಂಡು ಹೋಗುತ್ತಿದ್ದರು. ಹೊನ್ನಾಳಿಗೆ ನೆರೆಯಾದ ಶಿಕಾರಿಪುರ ಸೀಮೆಯ ಬಳ್ಳಿಗಾವೆಯು ಅಂಥ ವರ್ತಕರ ದೊಡ್ಡ ನೆಲೆಯಾಗಿದ್ದಿತು. ಆ ಕಾಲದ ಅರಸರು ಸುಂಕದ ಒಂದಂಶವನ್ನು ದೇವರ ನಂದಾದೀವಿಗೆಗೂ ಮಠದ ಅನ್ನದಾನಕ್ಕೂ ಬಿಟ್ಟುಕೊಟ್ಟ ಉದಾಹರಣೆಗಳು ಹೇರಳವಾಗಿವೆ. ಕೊಟ್ಟ ಹಣವು ಊರಿನ ಗುಡಿಯಲ್ಲಿ ದೀಪವಾಗಿ ಕಾಣಿಸುತ್ತಿದ್ದುದರಿಂದ ಕೊಡುವವನಿಗೆ ಅಷ್ಟರಮಟ್ಟಿಗಾದರೂ ಸಮಾಧಾನವಿದ್ದಿರಬೇಕು.

ವಿಜಯನಗರದ ಕಾಲಕ್ಕೆ ಬಂದರೆ, ಸುಮಾರು 1520ರಲ್ಲಿ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ತುಂಗಭದ್ರೆಯನ್ನು ಜನರು ದಾಟುತ್ತಿದ್ದ ಬಗೆಯನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ಹೆಣೆದು ಹೊರಗೆ ತೊಗಲು ಹೊದಿಸಿದ ದುಂಡನೆಯ ದೋಣಿಗಳು. ಒಂದೊಂದರಲ್ಲಿ ಹದಿನೈದಿಪ್ಪತ್ತು ಜನ. ಹುಟ್ಟು ಹಾಕಿದರೆ ನೆಟ್ಟಗೆ ಹೋಗದೆ ಗಿರಗಿರನೆ ತಿರುಗುತ್ತ ಹೋಗುವುವು. ಇದು ಹರಿಗೋಲೆಂಬುದನ್ನು ಹೊಳೆಸಾಲಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸೇತುವೆಗಳು ಆಗುವ ಮುಂಚೆ ಹೊಳೆಯ ಎರಡು ದಡಗಳ ವ್ಯಾಪಾರವೆಲ್ಲವೂ ಅಂಬಿಗರ ಈ ಹರಿಗೋಲಿನಲ್ಲಿಯೇ ತೇಲುತ್ತಿದ್ದಿತು. ಬೇಸಗೆಯಲ್ಲಿ ನೀರು ಇಳಿದಾಗ ಬಂಡಿಗಳು ಹಾಯ್ದು ಹೋಗುವುವು. ಆಷಾಢದಿಂದ ಭಾದ್ರಪದದವರೆಗೆ ಹೊಳೆಯು ತುಂಬಿ ಬಂದರೆ ಕಡವು ನಿಲ್ಲುವುದು. ಮದುವೆಯ ಲಗ್ನಗಳು ಮಾಘ ಫಾಲ್ಗುಣ ವೈಶಾಖಗಳಲ್ಲಿ ಕೂಡಿ ಬರುವುದೂ, ಸುಗ್ಗಿಯ ಹಣವು ಅದೇ ವೇಳೆಗೆ ಕೈಗೆ ಬರುವುದೂ, ಹೊಳೆಯು ಅದೇ ವೇಳೆಗೆ ದಾರಿ ಬಿಡುವುದೂ ಜನರ ಅನುಕೂಲಕ್ಕೆ ಒದಗಿದ್ದವು.

ಈ ಸೀಮೆಯವರು ಹೊರಗೆ ಕೊಂಡುಹೋಗುತ್ತಿದ್ದುದೇನು, ತರುತ್ತಿದ್ದುದೇನು ಎಂಬುದಕ್ಕೆ ನೆಲದ ಸ್ವರೂಪವೇ ಉತ್ತರ ಹೇಳುತ್ತದೆ. ಹೊನ್ನಾಳಿ ನ್ಯಾಮತಿಗಳು ಮಲೆನಾಡು ಮುಗಿದು ಬಯಲುನಾಡು ಮೊದಲಾಗುವ ಸಂಧಿಯಲ್ಲಿವೆ. ಪಶ್ಚಿಮದಿಂದ ಅಡಕೆ, ಮೆಣಸು, ಬೆಲ್ಲ, ಅಕ್ಕಿ, ಬಿದಿರು. ಉತ್ತರದಿಂದ ಜೋಳ, ಹತ್ತಿ, ಬ್ಯಾಡಗಿಯ ಮೆಣಸಿನಕಾಯಿ, ಕೈಮಗ್ಗದ ಬಟ್ಟೆ. ನ್ಯಾಮತಿಯು ಈ ವಿನಿಮಯದಿಂದಲೇ ಬೆಳೆದ ಪೇಟೆ. ಗಡಿಯ ಆಚೆ ರಾಣೆಬೆನ್ನೂರು ಸೀಮೆಯ ತುಮ್ಮಿನಕಟ್ಟೆಯು ನೇಕಾರರ ಊರು. ಅಲ್ಲಿಯ ಮಗ್ಗದ ಸೀರೆ, ಇಳಕಲ್ಲಿನ ಸೆರಗು, ಗುಳೇದಗುಡ್ಡದ ಕುಪ್ಪಸದ ಖಣ ಇವು ಗಡಿಯ ಈಚೆಯ ಹೆಣ್ಣುಮಕ್ಕಳ ಮನಸ್ಸಿನಲ್ಲಿ ಯಾವ ಸರಕಾರದ ಅಪ್ಪಣೆಯನ್ನೂ ಕೇಳದೆ ನೆಲೆಸಿದ್ದವು.

ಸಂತೆಗೆ ಹೋಗುವುದಕ್ಕೆ ದೇವರ ದರ್ಶನವೂ ಜೊತೆಗೂಡುತ್ತಿದ್ದಿತು. ಭರತಹುಣ್ಣಿಮೆಯ ಮೈಲಾರದ ಜಾತ್ರೆಯು ಮದರಾಸು ಇಲಾಖೆಯ ನೆಲದಲ್ಲಿ, ದೇವರಗುಡ್ಡದ ಉತ್ಸವವು ಮುಂಬಯಿ ಇಲಾಖೆಯ ನೆಲದಲ್ಲಿ, ಹರಿಹರೇಶ್ವರನ ತೇರು ಮೈಸೂರು ನೆಲದಲ್ಲಿ. ಕಾರಣಿಕವನ್ನು ಕೇಳಲು ಹೋದವನು ಕಂಬಳಿಯನ್ನೂ ಹಗ್ಗವನ್ನೂ ಕೊಂಡೇ ಬರುವನು. ಭಕ್ತಿಯೂ ವ್ಯಾಪಾರವೂ ಒಂದೇ ಬಂಡಿಯಲ್ಲಿ ಪ್ರಯಾಣ ಮಾಡುವುದನ್ನು ಈ ದೇಶದಲ್ಲಿ ಯಾರೂ ದೋಷವೆಂದು ಎಣಿಸಿದವರಲ್ಲ.

ಉಪ್ಪು ಮತ್ತು ಧಾನ್ಯದ ಸಾಗಾಟದಲ್ಲಿ ಲಂಬಾಣಿಗಳ ಉಪಕಾರವನ್ನು ಇಲ್ಲಿ ಸ್ಮರಿಸಬೇಕು. ಎತ್ತಿನ ಹಿಂಡುಗಳ ಮೇಲೆ ಹೇರು ಹೊರಿಸಿಕೊಂಡು, ಕರಾವಳಿಯ ಉಪ್ಪನ್ನು ಒಳನಾಡಿಗೂ ಒಳನಾಡಿನ ಧಾನ್ಯವನ್ನು ಸೈನ್ಯಗಳಿಗೂ ಮುಟ್ಟಿಸುತ್ತಿದ್ದವರು ಅವರು. ಅವರ ಗುರುವಾದ ಸೇವಾಲಾಲರು 1739ರಲ್ಲಿ ಜನಿಸಿದರೆಂದು ಸಂಪ್ರದಾಯವು ಹೇಳುವ ಸೂರಗೊಂಡನಕೊಪ್ಪವು ಈಗಿನ ನ್ಯಾಮತಿ ತಾಲ್ಲೂಕಿನಲ್ಲಿಯೇ ಇದೆ. ರಾಜ್ಯಗಳ ಗಡಿಗಳು ಆಗಾಗ ಬದಲಾದರೂ ಲಂಬಾಣಿಯ ದಾರಿಯು ಬದಲಾಗುತ್ತಿರಲಿಲ್ಲ. ಅವನಿಗೆ ಬೇಕಾದುದು ಮೇವು, ನೀರು, ಮುಂದಿನ ಸಂತೆ. ರೈಲು ಬಂದಮೇಲೆ ಮೊದಲು ಕೆಲಸ ಕಳೆದುಕೊಂಡವರೂ ಅವರೇ ಎಂಬುದು ದುಃಖದ ಸಂಗತಿ.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದಾಗ ಹೊನ್ನಾಳಿ ಸೀಮೆಯು ಮೈಸೂರು ಅರಸರ ಪಾಲಿಗೆ ಬಂದಿತು; ಉತ್ತರದಲ್ಲಿ ಮರಾಠರ ರಾಜ್ಯ. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘನು ಆ ವರ್ಷ ಸೋತು ಓಡಿದುದು ಈ ಗಡಿಯನ್ನು ದಾಟಿಯೇ. ಮರುವರ್ಷ ಆರ್ಥರ್ ವೆಲ್ಲೆಸ್ಲಿಯು ಹರಿಹರದ ಬಳಿ ಹೊಳೆಯನ್ನು ದಾಟಿ ಅವನನ್ನು ಬೆನ್ನಟ್ಟಬೇಕಾಯಿತು. 1800ರ ಸೆಪ್ಟೆಂಬರ್ ತಿಂಗಳಲ್ಲಿ ಧೋಂಡಿಯನು ಮಡಿದನು. ಮರಾಠರ ಪ್ರಭುತ್ವವು 1818ರಲ್ಲಿ ಮುಗಿದು ಧಾರವಾಡವು ಕುಂಪಣಿಯ ವಶವಾಯಿತು. ಅಂದಿನಿಂದ ಗಡಿಯಾಚೆಯು ಕುಂಪಣಿ ಸೀಮೆಯೆನಿಸಿತು.

1801ರಲ್ಲಿ ಈ ಭಾಗದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ದಾವಣಗೆರೆಯ ವ್ಯಾಪಾರವನ್ನು ವಿಚಾರಿಸಿ ಬರೆದಿಟ್ಟಿದ್ದಾನೆ. ಬೇತೂರಿನ ಮಗ್ಗುಲಿನ ಸಣ್ಣ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರನು ಆಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವರ್ತಕರನ್ನು ಕರೆದು ನೆಲೆಗೊಳಿಸಿದುದರಿಂದ ಊರು ಬೆಳೆಯಿತು. ಮಲೆನಾಡಿನ ಅಡಕೆ ಮೆಣಸುಗಳು ಅಲ್ಲಿಂದ ಆರ್ಕಾಟಿನ ಸೀಮೆಯ ವಾಲಾಜಾಪೇಟೆಯವರೆಗೆ ಹೋಗುತ್ತಿದ್ದವು. ಅಲ್ಲಿಂದ ಮದರಾಸಿಗೆ ಹಡಗಿನಲ್ಲಿ ಬಂದ ಪರದೇಶದ ಸರಕುಗಳು ಹಿಂದಕ್ಕೆ ಬರುತ್ತಿದ್ದವು. ವರ್ತಕನನ್ನು ಆದರಿಸಿದ ಊರು ಪಟ್ಟಣವಾಗುವುದೆಂಬುದಕ್ಕೆ ಇದಕ್ಕಿಂತ ಸಮೀಪದ ದೃಷ್ಟಾಂತವು ಬೇಡ.

ಇದಕ್ಕೆ ವಿರುದ್ಧವಾದ ದೃಷ್ಟಾಂತವೂ ಸಮೀಪದಲ್ಲಿಯೇ ಇದೆ. ಕಂದಾಯವನ್ನು ಹೆಚ್ಚಿಗೆ ಕೂಗಿದವರಿಗೆ ಗುತ್ತಿಗೆಯಾಗಿ ಒಪ್ಪಿಸಿದುದರಿಂದಲೂ ಅಧಿಕಾರಿಗಳ ಉಪದ್ರವದಿಂದಲೂ ಬೇಸತ್ತು ನಗರ ಸೀಮೆಯ ರೈತರು 1830-31ರಲ್ಲಿ ದಂಗೆಯೆದ್ದರು. ಅದರ ಫಲವಾಗಿ 1831ರಲ್ಲಿ ಆಂಗ್ಲರು ರಾಜ್ಯಾಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಮುಂದೆ ಕಮಿಷನರಾದ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆಯು 769. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ. ಒಂದು ಹಳ್ಳಿಯ ಜನರು, ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಹಿರಿಯರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕಾಗಿ ತಲೆಮಾರುಗಳವರೆಗೆ ತೆರಿಗೆ ಕೊಡುತ್ತಿದ್ದರಂತೆ. ನಗರದ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಅಂಟಿಸಿಕೊಳ್ಳದೆ ನಡೆದವನೂ ತೆರಿಗೆ ತೆರಬೇಕಾಗಿದ್ದಿತಂತೆ. ಕೌಟಿಲ್ಯನು ಸುಂಕದಿಂದ ಬಿಡಿಸಿದ್ದ ಮದುವೆ, ಪ್ರಸವ, ಚೌಲಗಳೇ ಇಲ್ಲಿ ತೆರಿಗೆಗೆ ಗುರಿಯಾದುವೆಂಬುದನ್ನು ವಾಚಕರು ಗಮನಿಸಬೇಕು. ಶಾಸ್ತ್ರವು ಮರೆತುಹೋಗಿ ಬೊಕ್ಕಸವೊಂದೇ ನೆನಪಿನಲ್ಲಿ ಉಳಿದರೆ ಹೀಗಾಗುತ್ತದೆ.

ಒಳನಾಡಿನ ಸಾಗಾಟದ ಸುಂಕಗಳನ್ನು ಮುಂಬಯಿ ಇಲಾಖೆಯಲ್ಲಿ 1838ರಲ್ಲಿಯೂ ಮದರಾಸು ಇಲಾಖೆಯಲ್ಲಿ 1844ರಲ್ಲಿಯೂ ತೆಗೆದುಹಾಕಿದರು. ಮೈಸೂರಿನಲ್ಲಿಯೂ ಕಟ್ಟೆಗಳು ಕ್ರಮೇಣ ಕಡಿಮೆಯಾದವು. 1868ರಲ್ಲಿ ಹರಿಹರದಲ್ಲಿ ತುಂಗಭದ್ರೆಗೆ ಕಲ್ಲು ಇಟ್ಟಿಗೆಗಳ ಸೇತುವೆಯು ಪೂರ್ತಿಯಾಯಿತು. ಅರವತ್ತು ಅಡಿ ಅಗಲದ ಹದಿನಾಲ್ಕು ಕಮಾನುಗಳ ಆ ಸೇತುವೆಯ ಮೇಲೆ ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಯು ಸಾಗಿತು. ಅಲ್ಲಿಯವರೆಗೆ ಮಳೆಗಾಲದಲ್ಲಿ ಎರಡು ದೇಶಗಳಂತೆ ಬೇರೆಯಾಗುತ್ತಿದ್ದ ದಡಗಳು ವರ್ಷವಿಡೀ ಒಂದಾದವು.

ಒಂದಾದುದು ಇನ್ನೂ ಸಾಲದೆಂಬುದನ್ನು 1876-78ರ ಧಾತು ಈಶ್ವರ ಕ್ಷಾಮವು ತೋರಿಸಿಕೊಟ್ಟಿತು. 1871ರಲ್ಲಿ ಐವತ್ತು ಲಕ್ಷಕ್ಕೆ ಮೇಲ್ಪಟ್ಟಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕಡಿಮೆಯಾಗಿದ್ದಿತು. ಮದರಾಸಿನ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಧಾನ್ಯವು ಬಂದರೂ, ಅಲ್ಲಿಂದ ಒಳಗಿನ ಸೀಮೆಗಳಿಗೆ ಎಳೆಯುವುದಕ್ಕೆ ಬದುಕಿದ ಎತ್ತುಗಳೇ ಇರಲಿಲ್ಲ. ದೂರದ ಸಂತೆಯಲ್ಲಿ ಕಾಳಿದ್ದರೂ ದಾರಿಯಿಲ್ಲದಿದ್ದರೆ ಅದು ಇಲ್ಲದಂತೆಯೇ. ಈ ಪಾಠದಿಂದಲೇ ಸಂಸ್ಥಾನದಲ್ಲಿ ರೈಲಿನ ಕೆಲಸವು ಚುರುಕಾಯಿತು. 1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರದವರೆಗೆ ದಾರಿಯಾಗಿ, ಹುಬ್ಬಳ್ಳಿಯ ಕಡೆಯಿಂದ ಬಂದ ಸದರ್ನ್ ಮರಾಠಾ ರೈಲುದಾರಿಯೊಡನೆ ಕೂಡಿಕೊಂಡಿತು. ಅದೇ 1889ರಲ್ಲಿ ಮೈಸೂರಿನ ಅಂಚೆಯೂ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಆಮೇಲಿನ ಸುಮಾರು ಐವತ್ತು ವರ್ಷಗಳು ಹೊಳೆಸಾಲಿನ ಸಂತೆಗಳಿಗೆ ನೆಮ್ಮದಿಯ ಕಾಲವೆನ್ನಬಹುದು. ನಾಣ್ಯವೊಂದೇ, ಅಂಚೆಯೊಂದೇ, ರೈಲೊಂದೇ. ಸೇರು ಕೊಳಗಗಳ ಲೆಕ್ಕದಲ್ಲಿ ವ್ಯತ್ಯಾಸವಿದ್ದರೂ ಅದನ್ನು ಚೌಕಾಶಿಯಲ್ಲಿ ಸರಿಪಡಿಸಿಕೊಳ್ಳಲು ಗೃಹಿಣಿಯರು ಬಲ್ಲವರಾಗಿದ್ದರು.

ಇದೇ ನದಿಯ ಕೆಳದಾರಿಯಲ್ಲಿ ಹಾಗಿರಲಿಲ್ಲ. ಹೊಸಪೇಟೆಯ ಎದುರು ದಡವು ಮೊಗಲಾಯಿ. ಅಲ್ಲಿ ನಿಜಾಮರ ಹಾಲಿ ಸಿಕ್ಕ ರೂಪಾಯಿ ಚಲಾವಣೆಯಲ್ಲಿದ್ದಿತು. ನೂರು ಬ್ರಿಟಿಷ್ ರೂಪಾಯಿಗಳಿಗೆ ನೂರ ಹದಿನಾರು ರೂಪಾಯಿ ಹತ್ತಾಣೆ ಎಂಟು ಪೈ ಹಾಲಿ ಎಂಬುದು ನಿಗದಿಯಾದ ದರ. ಅಂದರೆ ಆರಕ್ಕೆ ಏಳು. ಗದಗಿನ ಪೇಟೆಗೆ ಬಂದ ಕೊಪ್ಪಳದ ರೈತನು ಮೊದಲು ಈ ಗಣಿತವನ್ನು ಮಾಡಿ ಆಮೇಲೆ ಸೀರೆಯನ್ನು ಆರಿಸಬೇಕಾಗಿದ್ದಿತು. ಇದಲ್ಲದೆ, ಕುಂಪಣಿಗೂ ನಿಜಾಮರಿಗೂ 1802ರಲ್ಲಿ ಆದ ವ್ಯಾಪಾರದ ಒಪ್ಪಂದದಿಂದ ಬೆಲೆಯ ಮೇಲೆ ನೂರಕ್ಕೆ ಐದರಂತೆ ಸುಂಕವು ಗೊತ್ತಾಗಿದ್ದಿತು. ಇದನ್ನು ವಸೂಲು ಮಾಡುವ ಇಲಾಖೆಗೆ ಕರೋಡಗಿರಿಯೆಂದು ಹೆಸರು. ನೂರಕ್ಕೆ ಐದೆಂದರೆ ಇಪ್ಪತ್ತರಲ್ಲೊಂದು. ಕೌಟಿಲ್ಯನು ಬಟ್ಟೆಗೆ ಹೇಳಿದ ದರವೂ ಅದೇ ಎಂಬುದು ಕುತೂಹಲಕರವಾದ ಸಂಗತಿ. ದರವು ಒಂದೇ ಆದರೂ ಪ್ರಾಚೀನನು ಮದುವೆಯ ಸಾಮಾನಿಗೆ ತೆರೆದಿಟ್ಟ ಬಾಗಿಲು ಎಲ್ಲಿಯೂ ತಾನಾಗಿ ತೆರೆದಿರಲಿಲ್ಲ. ಗಂಟನ್ನು ಬಿಚ್ಚಿಸುವುದೂ ಬಿಡುವುದೂ ಕಟ್ಟೆಯ ಮೇಲೆ ಕುಳಿತವನ ಮರ್ಜಿ. ತೆರಿಗೆಯ ಹಣಕ್ಕಿಂತ, ಅಪರಿಚಿತನೊಬ್ಬನು ಮದುಮಗಳ ಸೀರೆಯನ್ನು ಧೂಳಿನಲ್ಲಿ ಬಿಚ್ಚಿ ನೋಡುವ ಅವಮಾನವೇ ಬಡ ಸಂಸಾರಗಳಿಗೆ ಹೆಚ್ಚಿನ ಭಾರವಾಗಿದ್ದೀತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೈಸೂರು ಮುಂಬಯಿಗಳ ನಡುವಣ ಗಡಿಗೂ ಹಲ್ಲು ಬಂದಿತು. 1942ರ ನಂತರ ಧಾನ್ಯದ ಕೊರತೆಯುಂಟಾಗಲು, ಒಂದೊಂದು ಸರಕಾರವೂ ತನ್ನ ಧಾನ್ಯವು ಹೊರಗೆ ಹೋಗದಂತೆ ತಡೆಯತೊಡಗಿತು. ಲೆವಿ, ಪರ್ಮಿಟ್ಟು, ರೇಷನ್ ಚೀಟಿ ಎಂಬ ಮಾತುಗಳು ಕನ್ನಡಕ್ಕೆ ಬಂದು ಮನೆಮಾತಾದವು. 1943ರಿಂದ ಬಟ್ಟೆಗೂ ನಿಯಂತ್ರಣವಾಯಿತು. ಸೀಮೆಎಣ್ಣೆ ಸಕ್ಕರೆಗಳೂ ಚೀಟಿಯ ಪದಾರ್ಥಗಳಾದವು. ನಿನ್ನೆಯವರೆಗೆ ನೆಂಟರ ಮನೆಗೆ ಅಕ್ಕಿಯ ಗಂಟನ್ನು ಹೊತ್ತುಕೊಂಡು ಹೋಗುವುದು ಮರ್ಯಾದೆಯಾಗಿದ್ದರೆ, ಇಂದು ಅದು ಅಪರಾಧವಾಯಿತು. ಹೆಣ್ಣು ಕೊಟ್ಟು ತಂದ ಸಂಬಂಧಗಳು ಗಡಿಯ ಎರಡು ಕಡೆಗೂ ಹಬ್ಬಿದ್ದುದರಿಂದ ಈ ಕಷ್ಟವು ವರ್ತಕರಿಗಿಂತ ಸಂಸಾರಿಗಳಿಗೆ ಹೆಚ್ಚಾಗಿ ತಟ್ಟಿತು.

ಈ ನಿರ್ಬಂಧಗಳನ್ನು ಏಕಪಕ್ಷೀಯವಾಗಿ ನಿಂದಿಸುವುದು ನ್ಯಾಯವಲ್ಲ. ತಡೆಯಿಲ್ಲದಿದ್ದರೆ ಧಾನ್ಯವೆಲ್ಲವೂ ಹೆಚ್ಚು ಬೆಲೆ ಕೊಡುವ ದೂರದ ಪಟ್ಟಣಗಳಿಗೆ ಹರಿದುಹೋಗಿ, ಬೆಳೆದ ಊರಿನ ಕೂಲಿಕಾರನೇ ಉಪವಾಸ ಬೀಳುವ ಸಂಭವವಿದ್ದಿತು. ರೇಷನ್ ಚೀಟಿಯು ಎಷ್ಟೋ ಬಡವರ ಪ್ರಾಣವನ್ನು ಉಳಿಸಿತೆಂಬುದೂ ಸತ್ಯ. ಆದರೆ 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನರು ಸತ್ತುದಕ್ಕೆ, ನೆರೆಯ ಪ್ರಾಂತಗಳು ತಮ್ಮ ತಮ್ಮ ಧಾನ್ಯವನ್ನು ಬಿಗಿಹಿಡಿದುದೂ ಒಂದು ಕಾರಣವೆಂದು ವಿಚಾರವಂತರು ಹೇಳಿದ್ದಾರೆ. ಹೀಗಿರಲಾಗಿ ಗಡಿಯ ಬಾಗಿಲನ್ನು ಮುಚ್ಚುವುದೂ ತೆರೆಯುವುದೂ ಔಷಧದಂತೆ. ಪ್ರಮಾಣವನ್ನು ಅರಿತು ಕೊಡಬೇಕು. ಗಾಡಿಗಟ್ಟಲೆ ಮೂಟೆಗಳನ್ನು ಕಾಳಸಂತೆಗೆ ಸಾಗಿಸುವವನಿಗೂ, ಬಾಣಂತಿಯಾದ ಮಗಳಿಗೆ ಐದು ಸೇರು ಅಕ್ಕಿಯನ್ನು ಮಡಿಲಿನಲ್ಲಿ ಕಟ್ಟಿಕೊಂಡು ಹೋಗುವ ತಾಯಿಗೂ ಒಂದೇ ಕಾನೂನನ್ನು ಹಿಡಿದಲ್ಲಿ ಕಾನೂನಿನ ಗೌರವವೇ ಕುಂದಿತು. ಪ್ರಕೃತಿಯು ಅಪರಾಧವೆಂದು ಎಣಿಸದ ಕಾರ್ಯವನ್ನು ಕಾನೂನು ಅಪರಾಧವನ್ನಾಗಿ ಮಾಡಿದುದರಿಂದಲೇ ಒಳ್ಳೆಯ ಪ್ರಜೆಯಾಗಬಹುದಾಗಿದ್ದವನು ಕಳ್ಳಸಾಗಾಣಿಕೆಗಾರನಾಗುತ್ತಾನೆಂಬ ಅಭಿಪ್ರಾಯವನ್ನು ಆ್ಯಡಂ ಸ್ಮಿತ್ತನು ಹದಿನೆಂಟನೆಯ ಶತಮಾನದಲ್ಲಿಯೇ ಸೂಚಿಸಿದ್ದನು. 1947ರ ಡಿಸೆಂಬರಿನಲ್ಲಿ ನಿಯಂತ್ರಣವನ್ನು ಸಡಿಲಿಸಿ, ಬೆಲೆಗಳು ಏರಿದುದನ್ನು ಕಂಡು 1948ರಲ್ಲಿ ಮತ್ತೆ ಬಿಗಿಮಾಡಿದರು. ಐವತ್ತರ ದಶಕದಲ್ಲಿ ರಫಿ ಅಹಮದ್ ಕಿದ್ವಾಯಿಯವರು ಕೇಂದ್ರದ ಆಹಾರಮಂತ್ರಿಗಳಾದ ಮೇಲೆಯೇ ಧಾನ್ಯದ ಮಾರ್ಗವು ಸುಗಮವಾಯಿತು.

ಅಷ್ಟರಲ್ಲಿ ಮೊಗಲಾಯಿಯ ಗಡಿಯು ನಿಜವಾಗಿಯೂ ಪರರಾಷ್ಟ್ರದ ಗಡಿಯಂತಾಗಿದ್ದಿತು. 1947ರ ಆಗಸ್ಟಿನಲ್ಲಿ ದೇಶವು ಸ್ವತಂತ್ರವಾದಾಗ ನಿಜಾಮರು ಒಕ್ಕೂಟವನ್ನು ಸೇರಲಿಲ್ಲ. ಆ ವರ್ಷದ ನವೆಂಬರ್ 29ರಂದು ಯಥಾಸ್ಥಿತಿಯ ಒಪ್ಪಂದವಾದರೂ, ಸ್ವಲ್ಪ ದಿನಗಳಲ್ಲಿಯೇ ಭಾರತದ ನಾಣ್ಯವು ತಮ್ಮ ರಾಜ್ಯದಲ್ಲಿ ಚಲಾವಣೆಗೆ ಸಲ್ಲದೆಂದೂ, ಚಿನ್ನ ಬೆಳ್ಳಿಗಳನ್ನು ಹೊರಗೆ ಸಾಗಿಸಕೂಡದೆಂದೂ ಅಲ್ಲಿ ಅಪ್ಪಣೆಗಳು ಹೊರಟವು. ಮದುವೆಗೆಂದು ಕೂಡಿಟ್ಟ ಬೆಳ್ಳಿಯೂ ಸೆರಗಿನ ತುದಿಯ ರೂಪಾಯಿಯೂ ರಾಜಕಾರಣದ ವಿಷಯಗಳಾದವು. ಮುಂಡರಗಿ, ಗಜೇಂದ್ರಗಡ ಮೊದಲಾದ ಗಡಿಯೂರುಗಳಲ್ಲಿ ಸ್ವಾತಂತ್ರ್ಯಯೋಧರ ಶಿಬಿರಗಳು ಏರ್ಪಟ್ಟವು. ಸಂತೆಗೆ ಬರುತ್ತಿದ್ದ ದಾರಿಗಳಲ್ಲಿಯೇ ಜನರು ಮಕ್ಕಳುಮರಿಗಳನ್ನು ಕಟ್ಟಿಕೊಂಡು ಆಶ್ರಯಕ್ಕಾಗಿ ಬರುವಂತಾಯಿತು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಸೈನಿಕಕಾರ್ಯಾಚರಣೆಯಿಂದ ಈ ಸ್ಥಿತಿಯು ಕೊನೆಗಂಡಿತು. ಆಮೇಲೆ ಕೆಲವು ವರ್ಷಗಳಲ್ಲಿ ಹಾಲಿ ಸಿಕ್ಕವೂ ಕರೋಡಗಿರಿಯೂ ಹೆಸರಷ್ಟೇ ಆಗಿ ಉಳಿದವು.

ಕನ್ನಡನಾಡಿಗೆ ಪರದೇಶದ ಗಡಿಯೊಂದು ಇನ್ನೂ ಕೆಲವು ಕಾಲ ಉಳಿದಿದ್ದುದು ಕಾರವಾರದ ಉತ್ತರಕ್ಕೆ, ಪೋರ್ಚುಗೀಸರ ಗೋವೆಯ ಕಡೆಗೆ. ಮುಂಬಯಿ ಸರಕಾರವು 1950ರಲ್ಲಿ ಪಾನನಿರೋಧವನ್ನು ಪೂರ್ಣವಾಗಿ ಜಾರಿಗೆ ತಂದಾಗ ಕಾರವಾರವು ಆ ಸರಕಾರಕ್ಕೆ ಸೇರಿದ್ದಿತು. ಗೋವೆಯಲ್ಲಿ ಅಂಥ ನಿರೋಧವಿರಲಿಲ್ಲ. ಗಡಿಯಾಚೆಯ ಅಂಗಡಿಗಳ ಆಕರ್ಷಣೆಯು ಎಂಥದೆಂಬುದನ್ನು ಊಹಿಸುವುದು ಕಷ್ಟವಲ್ಲ. 1961ರ ಡಿಸೆಂಬರ್ 19ರಂದು ಗೋವೆಯು ವಿಮೋಚನೆ ಹೊಂದಿದ ಮೇಲೆ ಆ ಗೆರೆಯೂ ಅಳಿಯಿತು.

ಈ ಸಂತೆಗಳ ದಾರಿಯಲ್ಲಿ ಸಾಗಿದುದು ಬಟ್ಟೆ ಬೆಲ್ಲಗಳಷ್ಟೇ ಅಲ್ಲ. ಧಾರವಾಡದ ಸೀಮೆಯಲ್ಲಿ ಒಂದು ಕಾಲಕ್ಕೆ ಕಚೇರಿಯ ಭಾಷೆಯೂ ಶಾಲೆಯ ಭಾಷೆಯೂ ಮರಾಠಿಯಾಗಿದ್ದಾಗ, ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರು ದುಡಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ, 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತೂ ಸ್ಥಾಪಿತವಾದವು. 1922ರಲ್ಲಿ ಸಾಹಿತ್ಯ ಸಮ್ಮೇಳನವು ದಾವಣಗೆರೆಯಲ್ಲಿ ಸೇರಿತು. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯು ಪ್ರಾರಂಭವಾಯಿತು. ಒಂದು ಸರಕಾರದ ನೆಲದಲ್ಲಿ ಅಚ್ಚಾದ ಪುಸ್ತಕವನ್ನು ಇನ್ನೊಂದು ಸರಕಾರದ ಪ್ರಜೆಯು ತರಿಸಿಕೊಂಡು ಓದುವಾಗ, ತಾವಿಬ್ಬರೂ ಒಂದೇ ನಾಡಿನವರೆಂಬ ತಿಳಿವಳಿಕೆಯು ಬಲವಾಯಿತು. ಆದರೆ ಆ ತಿಳಿವಳಿಕೆಯು ಬೇರೂರಿದ ನೆಲವು ಪುಸ್ತಕಗಳಿಗಿಂತ ಹಳೆಯದು. ಓದು ಬಾರದ ರೈತನೂ ರಾಣೆಬೆನ್ನೂರಿನ ಅಂಗಡಿಯಲ್ಲಿ ದುಭಾಷಿಯಿಲ್ಲದೆ ಚೌಕಾಶಿ ಮಾಡಿದ್ದನು. "ಎಷ್ಟಕ್ಕೆ ಕೊಡ್ತೀರಿ?" ಎಂಬ ಪ್ರಶ್ನೆಗೆ "ನೀವೇ ಹೇಳ್ರೀ" ಎಂಬ ಉತ್ತರವು ಬಂದಾಗ ಎರಡು ಸೀಮೆಗಳ ಕನ್ನಡವೂ ಒಂದನ್ನೊಂದು ಗುರುತಿಸಿಕೊಂಡಿದ್ದವು.

ವ್ಯಾಪಾರವೊಂದರಿಂದಲೇ ನಾಡು ಒಂದಾಯಿತೆಂದು ಹೇಳಿದರೆ ಅತಿಶಯೋಕ್ತಿಯಾಗುವುದು. ಸಂತೆಯಲ್ಲಿ ಮೋಸವೂ ಇದ್ದಿತು. ಆಚೆಯವರ ಅಳತೆ ಕಡಿಮೆಯೆಂದು ಈಚೆಯವರೂ, ಈಚೆಯವರ ಮಾತು ಜಾಣತನದ್ದೆಂದು ಆಚೆಯವರೂ ಪರಿಹಾಸ ಮಾಡುವುದಿದ್ದಿತು. ಏಕೀಕರಣಕ್ಕಾಗಿ ದುಡಿದವರ ತ್ಯಾಗವೂ, ಹೈದರಾಬಾದಿನ ಗಡಿಯಲ್ಲಿ ಪ್ರಾಣವನ್ನು ಕೊಟ್ಟವರ ತ್ಯಾಗವೂ ಸಂತೆಯ ಲೆಕ್ಕಕ್ಕೆ ಸಿಕ್ಕತಕ್ಕವಲ್ಲ. ಆದರೂ 1953ರಲ್ಲಿ ಬಳ್ಳಾರಿಯ ಏಳು ತಾಲ್ಲೂಕುಗಳೂ, 1956ರ ನವೆಂಬರ್ 1ರಂದು ಧಾರವಾಡ ರಾಯಚೂರು ಮೊದಲಾದ ಸೀಮೆಗಳೂ ಮೈಸೂರಿನೊಡನೆ ಕೂಡಿದಾಗ, ಹೊಳೆಸಾಲಿನವರಿಗೆ ಅದು ಹೊಸ ಪರಿಚಯವಾಗಿರಲಿಲ್ಲ. ರಾಜ್ಯವು ಒಂದಾಗುವ ಮುಂಚೆ ಅವರ ಅಡಿಗೆಮನೆಯ ಮೆಣಸಿನಕಾಯಿಯೂ ಪೆಟ್ಟಿಗೆಯೊಳಗಿನ ಸೀರೆಯೂ ಒಂದಾಗಿದ್ದವು. 1945ರಲ್ಲಿ ಎರಡು ದಡಗಳಿಂದ ಎರಡು ಸರಕಾರಗಳು ಅಸ್ತಿಭಾರವನ್ನು ಹಾಕಿದ ತುಂಗಭದ್ರೆಯ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಟ್ಟಾಗ, ಗಡಿಯಾಗಿದ್ದ ನದಿಯೇ ಎರಡು ಕಡೆಯ ಹೊಲಗಳಿಗೂ ತಾಯಿಯಾಯಿತು.

ಆಮೇಲಿನ ಸಂಗತಿಗಳು ಸಮೀಪದವು. 1979ರಲ್ಲಿ ಕರ್ನಾಟಕದ ಪಟ್ಟಣಗಳ ಬಾಗಿಲಲ್ಲಿ ವಸೂಲಾಗುತ್ತಿದ್ದ ಆಕ್ಟ್ರಾಯ್ ಸುಂಕವು ರದ್ದಾಯಿತು. 2017ರ ಜುಲೈ 1ರಂದು ಸರಕು ಸೇವೆಗಳಿಗೆ ಇಡೀ ದೇಶಕ್ಕೆ ಒಂದೇ ತೆರಿಗೆಯು ಜಾರಿಗೆ ಬಂದ ಮೇಲೆ, ರಾಜ್ಯರಾಜ್ಯಗಳ ನಡುವಣ ಮಾರಾಟತೆರಿಗೆಯ ತನಿಖೆಯ ಕಟ್ಟೆಗಳೂ ಎದ್ದುಹೋದವು. ಕೌಟಿಲ್ಯನ ಶುಲ್ಕಧ್ವಜವು ಈಗ ರಸ್ತೆಯ ಪಕ್ಕದಲ್ಲಿ ಹಾರಾಡುವುದಿಲ್ಲ. ಅಂಗಡಿಯವನು ಕೊಡುವ ರಸೀದಿಯ ಕೆಳಗಣ ಎರಡು ಸಾಲುಗಳಲ್ಲಿ ಅಡಗಿದೆ. ಗಂಟು ಬಿಚ್ಚಿಸುವ ಅವಮಾನವು ತಪ್ಪಿತು. ಆದರೆ ಮದುವೆಯ ಸೀರೆಗೂ ಇತರ ಸೀರೆಗೂ ಅಲ್ಲಿ ಭೇದವಿಲ್ಲ. ಕೊಟ್ಟ ಸುಂಕವು ಯಾವ ದೀವಿಗೆಗೆ ಎಣ್ಣೆಯಾಯಿತೆಂಬುದೂ ಕೊಟ್ಟವನಿಗೆ ಮುಂಚಿನಷ್ಟು ಸುಲಭವಾಗಿ ಕಾಣುವುದಿಲ್ಲ.

ಗಡಿಗಳಿಲ್ಲದ ರಾಜ್ಯವು ಹಿಂದೆ ಇರಲಿಲ್ಲ, ಮುಂದೆಯೂ ಇರಲಾರದು. ಬೊಕ್ಕಸವಿಲ್ಲದೆ ಸೇತುವೆಯೂ ಇಲ್ಲ, ಕ್ಷಾಮದಲ್ಲಿ ಗಂಜಿಯೂ ಇಲ್ಲ. ಆದುದರಿಂದ ಸುಂಕವೇ ಕೂಡದೆಂಬುದು ಈ ಇತಿಹಾಸದ ಉಪದೇಶವಲ್ಲ. ಲಾಭದ ಹೇರು ಯಾವುದು, ಸಂಸಾರದ ಗಂಟು ಯಾವುದು ಎಂಬುದನ್ನು ಬೇರ್ಪಡಿಸಿ ನೋಡುವ ಕಣ್ಣು ಆಳುವವರಿಗೆ ಇರಬೇಕೆಂಬುದೇ ಇದರ ತಾತ್ಪರ್ಯ. ಆ ಕಣ್ಣಿದ್ದ ಕಾಲದಲ್ಲಿ ದಾವಣಗೆರೆಯಂಥ ಹಳ್ಳಿಗಳು ಪಟ್ಟಣಗಳಾದವು. ಇಲ್ಲದ ಕಾಲದಲ್ಲಿ ನಗರದ ಸೀಮೆಯ ರೈತರು ನೇಗಿಲನ್ನು ಬಿಟ್ಟು ಕೂಟ ಸೇರಿದರು. ಹೊಳೆಸಾಲಿನ ಮನೆಗಳಲ್ಲಿ ಅಜ್ಜಿಯರ ಪೆಟ್ಟಿಗೆಗಳೊಳಗೆ ಇನ್ನೂ ಉಳಿದಿರುವ ಆಚೆಯ ದಡದ ಸೀರೆಗಳ ವೃತ್ತಾಂತವನ್ನು, ಹೇಳುವವರು ಇರುವಾಗಲೇ ಕೇಳಿ ಬರೆದಿಡುವುದು ಜಿಲ್ಲೆಯ ವಿದ್ಯಾವಂತ ಸಂಸಾರಗಳ ಕರ್ತವ್ಯವಾಗಿದೆ.